ಗಾಂಜಾ, ಗುಡಿಯ ಕಟ್ಟೆ ಮತ್ತು ಮನೆಯ ಮಾತು: ಕೊಪ್ಪಳ ಪರಿಸರವನ್ನು ಕುರಿತು ಒಂದು ವಿಚಾರ

‘ಭಂಗಿ ದೇವರಿಗೆ ಹೆಂಡಗುಡುಕ ಪೂಜಾರಿ’ ಎಂಬ ಗಾದೆ ಕನ್ನಡದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ದೇವರ ಅಮಲನ್ನೂ ಪೂಜಾರಿಯ ಅಮಲನ್ನೂ ಒಂದೇ ತಕ್ಕಡಿಯಲ್ಲಿಟ್ಟು ನಗುವ ಈ ಗಾದೆಯಲ್ಲಿ ಇರುವ ಪಾತ್ರಗಳು ಎರಡು; ಎರಡೂ ಗಂಡು ಪಾತ್ರಗಳು. ಪೂಜಾರಿಯ ಮನೆಯಲ್ಲಿ ಒಲೆ ಹೊತ್ತಿಸಿಕೊಂಡು ಆತನ ದಾರಿ ಕಾಯುವ ಹೆಣ್ಣು ಗಾದೆಯ ಹೊರಗೇ ಉಳಿದಿದ್ದಾಳೆ. ಗಾಂಜಾ ಸೇವನೆಯನ್ನು ಕುರಿತು ಕನ್ನಡದಲ್ಲಿ ನಡೆದಿರುವ ಬಹುಪಾಲು ಚರ್ಚೆಯ ಸ್ಥಿತಿಯೂ ಇದೇ ಆಗಿದೆ. ಪೊಲೀಸ್ ವರದಿ, ಪತ್ರಿಕಾ ಸುದ್ದಿ, ತತ್ವಪದಗಳ ಅಧ್ಯಯನ ಇವು ಬೇರೆ ಬೇರೆ ನೆಲೆಗಳಿಂದ ಮಾತನಾಡುತ್ತವೆಯಾದರೂ ಮೂರೂ ಸೇದುವವನನ್ನು ಮಾತ್ರ ನೋಡುತ್ತವೆ. ಸೇದುವವನೊಂದಿಗೆ ಬದುಕುವವಳ ಮಾತು ಎಲ್ಲಿ ದಾಖಲಾಗಿದೆ ಎಂಬ ಪ್ರಶ್ನೆಯನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಪರಿಸರವನ್ನು ಮುಂದಿಟ್ಟುಕೊಂಡು ಕೇಳುವುದು ಪ್ರಸ್ತುತ ಲೇಖನದ ಉದ್ದೇಶ.

1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ಅದರಲ್ಲಿ ಇದ್ದವು ಈ ನಾಲ್ಕು ತಾಲ್ಲೂಕುಗಳೇ. ‘ಕವಿರಾಜಮಾರ್ಗ’ವು ಕನ್ನಡದ ತಿರುಳನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಕೊಪಣವೂ ಒಂದು. ಶರಣ, ನಾಥ, ಸೂಫಿ, ಆರೂಢ, ಅವಧೂತ ಪರಂಪರೆಗಳು ಒಂದರೊಳಗೊಂದು ಹೆಣೆದುಕೊಂಡಿರುವ ಕಲ್ಯಾಣ ಕರ್ನಾಟಕದ ಭಾಗವಿದು. ಆದರೆ ಈ ಪರಿಸರ ಏಕರೂಪಿಯಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗಂಗಾವತಿಯನ್ನು ಭತ್ತದ ನಾಡನ್ನಾಗಿಸಿದರೆ, ಕುಷ್ಟಗಿ ಹಾಗೂ ಯಲಬುರ್ಗಾ ಭಾಗಗಳು ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿಕೊಂಡು, ಮಳೆ ಕೈಕೊಟ್ಟ ವರ್ಷಗಳಲ್ಲಿ ಗುಳೆ ಹೋಗುವ ಊರುಗಳಾಗಿ ಉಳಿದಿವೆ. ಅಮಲಿನ ವಿಚಾರಕ್ಕೂ ಈ ಭೇದಕ್ಕೂ ಇರುವ ಸಂಬಂಧವನ್ನು ಮುಂದೆ ನೋಡಬಹುದು.

ಒಂದು ಗಿಡ, ಹಲವು ಹೆಸರು

ಒಂದೇ ಗಿಡ ಹಲವು ಹೆಸರುಗಳಲ್ಲಿ ಬದುಕುತ್ತದೆ. ಜಾತ್ರೆಯಲ್ಲಿ ಅದು ‘ಪ್ರಸಾದ’, ಸೇದುವವರ ನಡುವೆ ‘ಸೊಪ್ಪು’, ನ್ಯಾಯಾಲಯದಲ್ಲಿ ‘ಮಾದಕ ವಸ್ತು’, ಮನೆಯಲ್ಲಿ ‘ಚಟ’. ಹೆಸರು ಬದಲಾದಂತೆ ಮೌಲ್ಯವೂ ಬದಲಾಗುತ್ತದೆ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ತಿಂಥಣಿಯಲ್ಲಿ ನಡೆಯುವ ಮೌನೇಶ್ವರ ಜಾತ್ರೆಯಲ್ಲಿ ಭಕ್ತರಿಗೆ ಗಾಂಜಾ ಪ್ರಸಾದವಾಗಿ ಸಲ್ಲುವುದನ್ನು 2020ರಲ್ಲಿ ಪತ್ರಿಕೆಗಳು ವಿವರವಾಗಿ ವರದಿ ಮಾಡಿದವು. ಅದೇ ವರ್ಷ ರಾಜ್ಯದಲ್ಲಿ ಮಾದಕ ವಸ್ತುಗಳ ವಿರುದ್ಧ ಪೊಲೀಸ್ ಕಾರ್ಯಾಚರಣೆಯೂ ತೀವ್ರವಾಗಿತ್ತು. ಒಂದೇ ಪುಟದಲ್ಲಿ ಒಂದೆಡೆ ಭಕ್ತಿಯಾಗಿಯೂ ಇನ್ನೊಂದೆಡೆ ಅಪರಾಧವಾಗಿಯೂ ಕಾಣಿಸಿಕೊಂಡ ಗಿಡ ಅದು.

ಕಾನೂನಿನ ಇತಿಹಾಸವೂ ಈ ದ್ವಂದ್ವದಿಂದ ಮುಕ್ತವಾಗಿಲ್ಲ. ವಸಾಹತು ಸರ್ಕಾರ ನೇಮಿಸಿದ್ದ 1893–94ರ ಭಾರತೀಯ ಗಾಂಜಾ ಆಯೋಗವು ಅಧಿಕಾರಿಗಳು, ವೈದ್ಯರು, ಮಿಷನರಿಗಳು ಮೊದಲಾದ ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ಹೇಳಿಕೆ ಪಡೆದು, ಮಿತವಾದ ಸೇವನೆ ಸಾಮಾನ್ಯವಾಗಿ ಹಾನಿಕರವಲ್ಲವೆಂದೂ ಅತಿಸೇವನೆ ಹಾನಿಕರವೆಂದೂ ಅಭಿಪ್ರಾಯಪಟ್ಟು, ಪೂರ್ಣ ನಿಷೇಧದ ಬದಲಿಗೆ ಪರವಾನಗಿ ಮತ್ತು ತೆರಿಗೆಯ ಮೂಲಕ ನಿಯಂತ್ರಣವನ್ನು ಸೂಚಿಸಿತು. ಸ್ವತಂತ್ರ ಭಾರತದಲ್ಲಿ 1985ರ ಮಾದಕ ದ್ರವ್ಯ ಮತ್ತು ಮನೋಪರಿಣಾಮಕ ವಸ್ತುಗಳ ಕಾಯ್ದೆ ಚಿತ್ರವನ್ನು ಬದಲಿಸಿತು. ಈ ಕಾಯ್ದೆ ಹೂವು ಹಾಗೂ ಕಾಯಿಬಿಟ್ಟ ತುದಿಗಳನ್ನು ಗಾಂಜಾ ಎಂದು ಕರೆದು ನಿಷೇಧಿಸುತ್ತದೆ. ತುದಿಯಿಂದ ಬೇರ್ಪಡಿಸಿದ ಎಲೆ ಮತ್ತು ಬೀಜಗಳನ್ನು ವ್ಯಾಖ್ಯೆಯ ಹೊರಗಿಡುತ್ತದೆ. 1 ಕಿಲೋಗ್ರಾಂವರೆಗಿನದು ‘ಅಲ್ಪ ಪ್ರಮಾಣ’. 20 ಕಿಲೋಗ್ರಾಂ ಮೀರಿದರೆ ‘ವಾಣಿಜ್ಯ ಪ್ರಮಾಣ’. ಬೆಳೆದವನಿಗೆ 10 ವರ್ಷಗಳವರೆಗೆ ಶಿಕ್ಷೆ ವಿಧಿಸಬಹುದು. ವಿಶ್ವಸಂಸ್ಥೆಯ ಮಾದಕ ವಸ್ತುಗಳ ಆಯೋಗವು 2020ರ ಡಿಸೆಂಬರ್‌ನಲ್ಲಿ 1961ರ ಒಪ್ಪಂದದ ಅತ್ಯಂತ ಕಠಿಣವಾದ ನಾಲ್ಕನೆಯ ಅನುಸೂಚಿಯಿಂದ ಗಾಂಜಾವನ್ನು ಕೈಬಿಟ್ಟಾಗ ಭಾರತವೂ ಅದರ ಪರವಾಗಿ ಮತ ನೀಡಿತು. ಆದರೆ ದೇಶದೊಳಗಿನ ಕಾಯ್ದೆ ಅದರಿಂದ ಸಡಿಲಗೊಳ್ಳಲಿಲ್ಲ.

ಆಯೋಗ ಮತ್ತು ಕಾಯ್ದೆಗಳ ನಡುವೆ ಎಷ್ಟೇ ಅಂತರವಿದ್ದರೂ ಒಂದು ಅಂಶದಲ್ಲಿ ಅವು ಒಂದೇ. ಎರಡೂ ಗಾಂಜಾವನ್ನು ಒಬ್ಬ ವ್ಯಕ್ತಿ ಮತ್ತು ಒಂದು ವಸ್ತುವಿನ ನಡುವಿನ ವ್ಯವಹಾರವೆಂದು ಭಾವಿಸುತ್ತವೆ. ಹಳ್ಳಿಯ ಬದುಕಿನಲ್ಲಿ ಅದು ಹಾಗಿಲ್ಲ.

ಕಟ್ಟೆಯ ಸಮುದಾಯ

ಅಮೆರಿಕದ ಸಮಾಜಶಾಸ್ತ್ರಜ್ಞ ಹೊವರ್ಡ್ ಬೆಕರ್ 1953ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ, ಗಾಂಜಾದ ಸುಖ ತಾನಾಗಿಯೇ ಒದಗುವಂಥದಲ್ಲ, ಬಳಸುವವರ ಗುಂಪಿನಲ್ಲಿ ಕಲಿತುಕೊಳ್ಳುವಂಥದು ಎಂದು ವಾದಿಸಿದ. ಸೇದುವ ಕ್ರಮ, ಪರಿಣಾಮವನ್ನು ಗುರುತಿಸುವ ಬಗೆ, ಅದನ್ನು ಸುಖವೆಂದು ಒಪ್ಪುವ ಮನಸ್ಸು ಮೂರನ್ನೂ ಹೊಸಬನಿಗೆ ಗುಂಪು ಕಲಿಸುತ್ತದೆ. ಉತ್ತರ ಕರ್ನಾಟಕದ ಅವಧೂತ ಪರಂಪರೆಯ ಭಜನೆಯ ಕಟ್ಟೆಗೆ ಈ ಮಾತು ಅನ್ವಯಿಸುತ್ತದೆ. ಗಾಂಜಾ ಬಳಕೆ ಇದ್ದ ಕಡೆಗಳಲ್ಲಿ ಅದಕ್ಕೆ ಗುರು, ತಿಥಿ, ಸ್ಥಳ, ಹಾಡು ಎಂಬ ನಾಲ್ಕು ಬೇಲಿಗಳಿದ್ದವು. ಚಿಲುಮೆ ಕೈಯಿಂದ ಕೈಗೆ ದಾಟುವಾಗ ಜಾತಿಯ ಬಿಗಿಯೂ ಒಂದಿಷ್ಟು ಸಡಿಲುತ್ತಿತ್ತು. ಹಗಲು ಹೊರಗೆ ನಿಲ್ಲಬೇಕಾದವನು ರಾತ್ರಿ ಅದೇ ಕಟ್ಟೆಯ ಮೇಲೆ ‘ಅಣ್ಣ’, ‘ಕಾಕಾ’, ‘ಮಾವ’ ಎನಿಸಿಕೊಳ್ಳುತ್ತಿದ್ದ. ತತ್ವಪದಗಳ ಅಧ್ಯಯನಕಾರರು ಈ ಅಂಶವನ್ನು ಗುರುತಿಸಿ ಗೌರವಿಸಿರುವುದು ಯೋಗ್ಯವೇ ಆಗಿದೆ.

ಆದರೆ ಇಲ್ಲಿಯೇ ಒಂದು ತೊಡಕಿದೆ. ಜಾತಿಯ ಬಿಗಿಯನ್ನು ಸಡಿಲಿಸಿದ ಕಟ್ಟೆ, ಹೆಣ್ಣು–ಗಂಡಿನ ನಡುವಿನ ಬಿಗಿಯನ್ನು ಅಷ್ಟೇ ಪ್ರಮಾಣದಲ್ಲಿ ಸಡಿಲಿಸಿತೆ? ಶಿಶುನಾಳ ಶರೀಫರ ಪದಗಳಲ್ಲಿ ‘ತಂಗಿ’, ‘ಮುದುಕಿ’ ಎಂಬ ಸಂಬೋಧನೆಗಳಿವೆ. ಶರಣಸತಿ–ಲಿಂಗಪತಿ ಭಾವದಲ್ಲಿ ಗಂಡು ಹೆಣ್ಣಾಗಿ ಹಾಡುವ ಪರಂಪರೆ ಅದಕ್ಕಿಂತ ಹಳೆಯದು. ಹೀಗೆ ಹಾಡಿನೊಳಗೆ ಹೆಣ್ಣು ಸದಾ ಇದ್ದಾಳೆ. ಹಾಡುವ ಜಾಗದಲ್ಲಿ ಬಹುಮಟ್ಟಿಗೆ ಇಲ್ಲ. ಹಾಡಿನಲ್ಲಿ ‘ತಂಗಿ’ ಎನಿಸಿಕೊಂಡವಳು ಜೀವಾತ್ಮದ ರೂಪಕ. ಬೆಳಗಿನ ಜಾವ ಕದ ತೆರೆಯುವವಳು ರೂಪಕವಲ್ಲ. ರೂಪಕದ ಹೆಣ್ಣಿನ ಮೇಲೆ ನೂರಾರು ಪುಟಗಳ ವ್ಯಾಖ್ಯಾನ ಬಂದಿದೆ. ಕದ ತೆರೆಯುವವಳ ಬಗ್ಗೆ ಬಂದಿರುವುದು ಅತ್ಯಲ್ಪ.

ಮನೆಯ ಭಾಷೆ

ಕದ ತೆರೆಯುವವಳಿಗೆ ಮಾತಿಲ್ಲವೆಂದಲ್ಲ. ಆಕೆಯ ಮಾತಿನ ದಾರಿ ಬೇರೆ. ಈ ಭಾಗದ ಹಳ್ಳಿಗಳಲ್ಲಿ ಹಿರಿಯ ತಲೆಮಾರಿನ ಹೆಂಗಸರು ಗಂಡನ ಹೆಸರು ಹಿಡಿಯುವುದಿಲ್ಲ. ಹೆಸರು ಹೇಳಲೇಬೇಕಾದಾಗ ಒಡಪಿನಲ್ಲಿಟ್ಟು ಹೇಳುತ್ತಾರೆ. ನೇರವಾಗಿ ಕರೆಯಬೇಕಾದಾಗ ‘ಏನ್ರಿ’ ಎಂದೋ, ಮಗುವನ್ನು ನಡುವೆ ನಿಲ್ಲಿಸಿ ‘ನಿಮ್ಮಪ್ಪಗ ಉಣ್ಣಾಕ ಬರಾಕ ಹೇಳು’ ಎಂದೋ ಮಾತು ಸಾಗುತ್ತದೆ. ಹೀಗಿರುವಾಗ ಅಮಲನ್ನು ಕುರಿತ ಆಕ್ಷೇಪವೂ ಇದೇ ದಾರಿ ಹಿಡಿಯುತ್ತದೆ. ‘ಸೇದಿ ಬಂದೀರಿ’ ಎಂದು ಆಕೆ ಗಂಡನಿಗೆ ಹೇಳುವುದಿಲ್ಲ. ‘ನಿಮ್ಮಪ್ಪನ ಕಣ್ಣು ಕೆಂಪಗ್ಯಾವು, ಹಾಸಿಗಿ ಹಾಸು’ ಎಂದು ಮಗಳಿಗೆ ಹೇಳುತ್ತಾಳೆ. ಮೇಲ್ನೋಟಕ್ಕೆ ಇದು ಉಪಚಾರದ ಮಾತು. ಒಳಗೆ ತೀರ್ಪು ಇದೆ. ಗಂಡನಿಗೂ ಅದು ಗೊತ್ತು, ಮಗಳಿಗೂ ಗೊತ್ತು. ಪ್ರಶ್ನಾವಳಿ ಹಿಡಿದು ಹೋದ ಕ್ಷೇತ್ರಕಾರ್ಯಕರ್ತನಿಗೆ ಮಾತ್ರ ಗೊತ್ತಾಗುವುದಿಲ್ಲ. ‘ನಿಮ್ಮ ಯಜಮಾನರು ಗಾಂಜಾ ಸೇದುವುದಕ್ಕೆ ನಿಮ್ಮ ವಿರೋಧವಿದೆಯೇ?’ ಎಂದು ಆತ ಕೇಳಿದರೆ ‘ಇಲ್ರಿ, ಅವರ ಇಷ್ಟ’ ಎಂಬ ಉತ್ತರ ಬರುತ್ತದೆ. ಆ ಉತ್ತರ ಸಮ್ಮತಿಯೆಂದು ಪ್ರಬಂಧದಲ್ಲಿ ದಾಖಲಾಗುತ್ತದೆ.

ಹೆಣ್ಣು–ಗಂಡಿನ ಮಾತಿನ ಭೇದವನ್ನು ಕುರಿತು ಪಶ್ಚಿಮದಲ್ಲಿ ದೊಡ್ಡ ಚರ್ಚೆ ನಡೆದಿದೆ. ರಾಬಿನ್ ಲೇಕಾಫ್ 1975ರಲ್ಲಿ ಹೆಣ್ಣಿನ ಭಾಷೆಯ ಹಿಂಜರಿಕೆಯನ್ನು ಆಕೆಯ ಸಾಮಾಜಿಕ ಸ್ಥಾನದೊಂದಿಗೆ ಜೋಡಿಸಿದರು. ಡೆಬೊರಾ ಟ್ಯಾನೆನ್ 1990ರಲ್ಲಿ ಗಂಡಿನ ಮಾತು ಸ್ಥಾನಮಾನಕ್ಕಾಗಿ, ಹೆಣ್ಣಿನ ಮಾತು ಬಾಂಧವ್ಯಕ್ಕಾಗಿ ಎಂಬರ್ಥದಲ್ಲಿ ಎರಡನ್ನೂ ಎರಡು ಸಂಸ್ಕೃತಿಗಳೆಂಬಂತೆ ವಿವರಿಸಿದರು. ಇದು ಸ್ವಭಾವದ ಭೇದವಲ್ಲ, ಅಧಿಕಾರದ ಭೇದ ಎಂದು ಡೆಬೊರಾ ಕ್ಯಾಮರನ್ ಅವರಂತಹವರು ಮುಂದೆ ಆಕ್ಷೇಪಿಸಿದರು. ಕೊಪ್ಪಳದ ಹಳ್ಳಿಯ ಮನೆ ಈ ಕೊನೆಯ ವಾದಕ್ಕೆ ಹೆಚ್ಚು ಹತ್ತಿರದಲ್ಲಿದೆ. ಗಂಡನೆದುರು ಒಡಪಿನಲ್ಲಿ ಮಾತನಾಡುವ ಹೆಣ್ಣೇ ಬೀಸುಕಲ್ಲಿನ ಮುಂದೆ ಬೇರೊಬ್ಬಳಾಗುತ್ತಿದ್ದಳು. ಹಲಸಂಗಿ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಸಂಕಲನವು ತ್ರಿಪದಿಯಲ್ಲಿ ಹೆಣ್ಣು ತವರು, ಗಂಡ, ಅತ್ತೆಮನೆಗಳನ್ನು ಕುರಿತು ಎಷ್ಟು ಸ್ಪಷ್ಟವಾಗಿ ನುಡಿಯಬಲ್ಲಳೆಂಬುದನ್ನು ತೋರಿಸಿಕೊಟ್ಟಿತು. ಪರೋಕ್ಷತೆ ಆಕೆಯ ಗುಣವಾಗಿದ್ದರೆ ಅದು ಬೀಸುಕಲ್ಲಿನ ಮುಂದೆಯೂ ಇರಬೇಕಿತ್ತು.

ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿದ ಮೇಲೆ ಈ ಮಾತು ನಿಂತಿಲ್ಲ, ಸ್ಥಳ ಬದಲಿಸಿದೆ. ರಾಜ್ಯದಲ್ಲಿ 2000ದ ಬಳಿಕ ಹರಡಿದ ಸ್ತ್ರೀಶಕ್ತಿ ಗುಂಪುಗಳು, ನಳದ ಕಟ್ಟೆ, ಕೂಲಿಯ ಹೊಲ ಇಂದಿನ ಬೀಸುಕಲ್ಲುಗಳು. 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಮದ್ಯನಿಷೇಧ ಕೋರಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಸಾಗಿದಾಗ, ಮನೆಯೊಳಗಿನ ಒಡಪು ಬೀದಿಯ ಘೋಷಣೆಯಾಯಿತು. ಆ ಬೇಡಿಕೆಯನ್ನು ಒಪ್ಪುವುದು, ಬಿಡುವುದು ಬೇರೆ ಮಾತು. ಹೆಣ್ಣಿನ ಮೌನವನ್ನು ಸಮ್ಮತಿಯೆಂದು ಓದಿದವರಿಗೆ ಅದು ಉತ್ತರವಾಗಿತ್ತು.

ಬೇಲಿ ಕಳಚಿದ ಮೇಲೆ

ಕಟ್ಟೆಯ ನಾಲ್ಕು ಬೇಲಿಗಳು ಈಗ ಹಾಗೆಯೇ ಉಳಿದಿಲ್ಲ. ಗುಳೆ ಹೋಗಿ ನಗರದ ಕಟ್ಟಡ ಕೆಲಸದ ಶೆಡ್ಡಿನಲ್ಲಿ ಸೇದಲು ಕಲಿತ ಯಲಬುರ್ಗಾ, ಕುಷ್ಟಗಿಗಳ ಯುವಕನಿಗೆ ಗುರುವಿಲ್ಲ, ತಿಥಿಯಿಲ್ಲ, ಹಾಡಿಲ್ಲ. ದಣಿವು ಮತ್ತು ಸೊಪ್ಪು ಎರಡೇ ಇವೆ. ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡೆಯದು ಇನ್ನೊಂದು ಕಥೆ. ಹಂಪಿಯ ಎದುರು ದಂಡೆಯ ಈ ನಡುಗಡ್ಡೆ ವಿದೇಶಿ ಪ್ರವಾಸಿಗರ ತಂಗುದಾಣವಾಗಿ ಬೆಳೆದು, ಅಲ್ಲಿನ ಮಾದಕ ವಸ್ತುಗಳ ಬಳಕೆಯ ದೂರುಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದವು. ಪಾರಂಪರಿಕ ಪ್ರದೇಶದಲ್ಲಿನ ಅನಧಿಕೃತ ನಿರ್ಮಾಣಗಳೆಂಬ ಕಾರಣಕ್ಕೆ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2020ರ ಮಾರ್ಚ್‌ನಲ್ಲಿ ಅಲ್ಲಿನ ರೆಸಾರ್ಟುಗಳನ್ನು ತೆರವುಗೊಳಿಸಲಾಯಿತು. ಸಾಧುವಿನ ಚಿಲುಮೆ ಮತ್ತು ಪ್ರವಾಸಿಯ ಬಿಡುವು ನದಿಯ ಒಂದೇ ದಂಡೆಯಲ್ಲಿ ಎದುರಾದಾಗ, ಸ್ಥಳೀಯ ಯುವಕರಿಗೆ ಎರಡನೆಯದೇ ಆಧುನಿಕವಾಗಿ ಕಂಡಿದ್ದರೆ ಅಚ್ಚರಿಯಿಲ್ಲ.

ಹಾಗೆಂದು ಭೀತಿಯನ್ನು ಹಿಗ್ಗಿಸುವುದೂ ಸರಿಯಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವಯಸ್ಸಿನವರಲ್ಲಿ ಮದ್ಯ ಸೇವಿಸುವವರು ಶೇ. 14.6, ಭಂಗಿ–ಗಾಂಜಾ ಮೊದಲಾದವನ್ನು ಬಳಸುವವರು ಶೇ. 2.8. ಮದ್ಯ ಸೇವಿಸುವ ಗಂಡಸರು ಶೇ. 27.3, ಹೆಂಗಸರು ಶೇ. 1.6. ಅಮಲಿನ ಲೆಕ್ಕದಲ್ಲಿ ಸರ್ಕಾರವೇ ಪರವಾನಗಿ ನೀಡಿ ಮಾರಿಸುವ ವಸ್ತುವಿನ ಪಾಲೇ ದೊಡ್ಡದು. ಆದರೂ ಹದಿಹರೆಯದಲ್ಲಿಯೇ ಆರಂಭಿಸಿ ಹೆಚ್ಚು ಬಳಸುವವರಲ್ಲಿ ಗಾಂಜಾ ಮನೋವಿಕಾರದ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದನ್ನು ವೈದ್ಯಶಾಸ್ತ್ರ ಗುರುತಿಸಿದೆ. ‘ಸೊಪ್ಪು ತಾನೆ, ಏನಾಗುತ್ತದೆ’ ಎಂಬ ಉದಾಸೀನಕ್ಕೆ ಆಧಾರವಿಲ್ಲ.

ಅಧ್ಯಯನಕಾರರ ಹೊಣೆ

ಈ ಹಿನ್ನೆಲೆಯಲ್ಲಿ ಎರಡು ಅತಿಗಳನ್ನು ಬಿಡಬೇಕಾಗಿದೆ. ಮೊದಲನೆಯದು ದಂಡದ ಅತಿ. ತೊಗರಿ, ಹತ್ತಿಯ ಸಾಲಿನ ನಡುವೆ ನಾಲ್ಕು ಗಿಡ ಬೆಳೆದ ರೈತ ಜೈಲಿಗೆ ಹೋದರೆ ಶಿಕ್ಷೆಯ ಪಾಲು ಹೊರುವವಳು ಮತ್ತೆ ಅದೇ ಮನೆಯ ಹೆಣ್ಣು. ಕೋರ್ಟಿಗೆ ಅಲೆಯುವವಳೂ ಸಾಲ ತೀರಿಸುವವಳೂ ಆಕೆಯೇ. ವ್ಯಸನಿಯು ತಾನಾಗಿ ಚಿಕಿತ್ಸೆಗೆ ಬಂದರೆ ವಿಚಾರಣೆಯಿಂದ ವಿನಾಯಿತಿ ನೀಡುವ ಅವಕಾಶ 1985ರ ಕಾಯ್ದೆಯ 64ಎ ಕಲಮಿನಲ್ಲಿದೆ. ಹಳ್ಳಿಗಳಿಗೆ ತಲುಪಬೇಕಾದದ್ದು ಬಂಧನದ ಸುದ್ದಿಗಿಂತ ಮೊದಲು ಈ ಕಲಮು.

ಎರಡನೆಯದು ವೈಭವೀಕರಣದ ಅತಿ. ಇದು ಕನ್ನಡ ವಿಭಾಗಗಳಿಗೆ ನೇರವಾಗಿ ಸಂಬಂಧಿಸಿದ್ದು. ಚಿಲುಮೆಯನ್ನು ಪ್ರತಿರೋಧದ ಸಂಕೇತವೆಂದು ಓದುವುದು ವಿದ್ವತ್ತಿನಲ್ಲಿ ಒಂದು ರೂಢಿಯೇ ಆಗಿಹೋಗಿದೆ. ಪುರೋಹಿತಶಾಹಿಗೆ ಅದು ಪ್ರತಿರೋಧವಾಗಿದ್ದಿರಬಹುದು. ಮನೆಯ ದುಡಿಮೆ ಹೊಗೆಯಾಗಿ ಹೋದಾಗ ಅದೇ ಚಿಲುಮೆ ಯಜಮಾನಿಕೆಯೂ ಹೌದು. ಎರಡೂ ಅರ್ಥಗಳನ್ನು ಒಟ್ಟಿಗೆ ಹಿಡಿಯದ ಓದು ಅರ್ಧ ಓದು.

ಆದ್ದರಿಂದ ತತ್ವಪದಗಳ ಸಂಗ್ರಹಕ್ಕೆ ಕಟ್ಟೆಗೆ ಹೋದವರು ಮರುದಿನ ಅದೇ ಊರಿನ ಮನೆಗಳಿಗೂ ಹೋಗಬೇಕು. ಸಾಧ್ಯವಾದೆಡೆ ಸಂಶೋಧಕಿಯರು, ಹೆಂಗಸರು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುವ ಜಾಗದಲ್ಲಿ ಕೇಳಿಸಿಕೊಳ್ಳಬೇಕು. ಪ್ರಶ್ನೆಗೆ ಬಂದ ಉತ್ತರದ ಜೊತೆಗೆ ಮಗುವಿನ ಮೂಲಕ ಹಾದ ಮಾತನ್ನೂ ಒಡಪನ್ನೂ ಪಠ್ಯವೆಂದು ದಾಖಲಿಸಬೇಕು. ಇದರೊಂದಿಗೆ ಇನ್ನೊಂದು ಎಚ್ಚರವೂ ಅಗತ್ಯ. ಸೇವನೆಯೇ ಶಿಕ್ಷಾರ್ಹವಾಗಿರುವಾಗ ವಕ್ತೃವಿನ ಹೆಸರು, ಊರು, ಭಾವಚಿತ್ರಗಳನ್ನು ಮಹಾಪ್ರಬಂಧದಲ್ಲಿ ಅಚ್ಚು ಹಾಕುವುದು ನಂಬಿ ಮಾತನಾಡಿದವರಿಗೆ ಬಗೆಯುವ ದ್ರೋಹವಾಗುತ್ತದೆ. ಗಂಡನ ವಿರುದ್ಧ ನುಡಿದ ಹೆಣ್ಣಿನ ಹೆಸರಿಗಂತೂ ಇನ್ನೂ ಹೆಚ್ಚಿನ ಕಾವಲು ಬೇಕು. ಆಕೆಗೆ ಪೊಲೀಸರ ಭಯಕ್ಕಿಂತ ಮನೆಯ ಭಯ ಹತ್ತಿರದ್ದು.

ಭಂಗಿ ದೇವರನ್ನೂ ಹೆಂಡಗುಡುಕ ಪೂಜಾರಿಯನ್ನೂ ಕನ್ನಡ ವಿದ್ವತ್ತು ಸಾಕಷ್ಟು ಕೇಳಿಸಿಕೊಂಡಿದೆ. ಗಾದೆಯ ಹೊರಗೆ ನಿಂತ ಮೂರನೆಯವಳು ಮಗಳ ಕಡೆ ತಿರುಗಿ ಏನನ್ನೋ ಹೇಳುತ್ತಿದ್ದಾಳೆ. ಕೊಪಣನಾಡಿನ ಕನ್ನಡದ ತಿರುಳಿನಲ್ಲಿ ಆ ಮಾತಿಗೂ ಪಾಲಿದೆ.