ನೋಡುವುದಕ್ಕೆ ಲಿಂಕ್, ಮಾಡುವುದಕ್ಕೆ ಬಟನ್

ಕಳೆದ ವರ್ಷ ಹತ್ತನೆಯ ತರಗತಿ ಮುಗಿಸಿದ ವಿದ್ಯಾರ್ಥಿನಿಯೊಬ್ಬಳು ತಂದೆಯೊಡನೆ ನಮ್ಮ ಮನೆಗೆ ಬಂದಿದ್ದಳು. ಅಳು ಇನ್ನೂ ನಿಂತಿರಲಿಲ್ಲ. ಕಾಲೇಜು ಪ್ರವೇಶದ ಅರ್ಜಿಯನ್ನು ಮೊಬೈಲಿನಲ್ಲಿ ಒಂದು ಗಂಟೆ ಕುಳಿತು ತುಂಬಿದ್ದಾಳೆ. ಕೊನೆಯಲ್ಲಿ ಅಕ್ಕಪಕ್ಕ ಎರಡು ಬಟನ್‌ಗಳು: ‘ಸಬ್‌ಮಿಟ್’ ಮತ್ತು ‘ರೀಸೆಟ್’. ಒಂದೇ ಬಣ್ಣ, ಒಂದೇ ಗಾತ್ರ. ಬೆರಳು ‘ರೀಸೆಟ್’ ಮೇಲೆ ಬಿತ್ತು, ತುಂಬಿದ್ದೆಲ್ಲ ಅಳಿಸಿಹೋಯಿತು. ಅರ್ಜಿಗೆ ಅಂದೇ ಕೊನೆಯ ದಿನ. “ಇವಳಿಗೆ ಗಮನವೇ ಇಲ್ಲ ಮೇಷ್ಟ್ರೇ” ಎಂದರು ತಂದೆ. ಮತ್ತೆ ಕುಳಿತು ತುಂಬಿ ಕಳುಹಿಸಿದ್ದಾಯಿತು. ಆದರೆ ತಪ್ಪು ನಿಜವಾಗಿ ಹುಡುಗಿಯದೇ?

ಉತ್ತರ ಸಿಗಬೇಕಾದರೆ, ಪರದೆಯ ಮೇಲೆ ನಾವು ಮುಟ್ಟುವ ಎರಡು ವಸ್ತುಗಳ ಗುಣವನ್ನು ತಿಳಿಯಬೇಕು. ಲಿಂಕ್ ಎಂಬುದು ರಸ್ತೆ ಬದಿಯ ಕೈಮರವಿದ್ದಂತೆ. ಅದು ತೋರಿಸಿದ ಕಡೆ ಹೋಗಿ ನೋಡಿ ಹಿಂದಿರುಗಬಹುದು. ನೀವು ನೋಡಿದ್ದರಿಂದ ಊರೇನೂ ಬದಲಾಗುವುದಿಲ್ಲ. ಬಟನ್ ಪಂಪ್‌ಸೆಟ್ಟಿನ ಸ್ವಿಚ್ಚಿನಂತೆ. ಒತ್ತಿದರೆ ಏನೋ ಒಂದು ಕೆಲಸ ನಡೆಯುತ್ತದೆ: ಹಣ ಹೋಗುತ್ತದೆ, ಅರ್ಜಿ ಸಲ್ಲುತ್ತದೆ, ಕಡತ ಅಳಿಯುತ್ತದೆ.

ಈ ಭೇದ ವೆಬ್‌ನ ನಿಯಮದಲ್ಲೇ ಇದೆ. ನಮ್ಮ ಬ್ರೌಸರ್ ದೂರದ ಸರ್ವರಿಗೆ ಮುಖ್ಯವಾಗಿ ಎರಡು ಬಗೆಯ ಕೋರಿಕೆ ಕಳುಹಿಸುತ್ತದೆ. ‘ಗೆಟ್’ ಎಂದರೆ ‘ತೋರಿಸು’. ‘ಪೋಸ್ಟ್’ ಎಂದರೆ ‘ಇದನ್ನು ತೆಗೆದುಕೊಂಡು ಕೆಲಸ ಮಾಡು’. ಲಿಂಕ್ ಒತ್ತಿದರೆ ಹೋಗುವುದು ‘ಗೆಟ್’. ಈ ಕೋರಿಕೆಯಿಂದ ಮಾಹಿತಿ ತರಿಸಿಕೊಳ್ಳಬೇಕೇ ಹೊರತು ಬೇರೇನೂ ಮಾಡಿಸಬಾರದು ಎಂದು 1999ರಲ್ಲಿ ಪ್ರಕಟವಾದ ಎಚ್‌ಟಿಟಿಪಿ ನಿಯಮಾವಳಿ ತಿಳಿಸಿತ್ತು.

ನಿಯಮ ಮುರಿದರೆ ಏನಾದೀತು? 2005ರ ಮೇ ತಿಂಗಳಲ್ಲಿ ಗೂಗಲ್ ಸಂಸ್ಥೆ ‘ವೆಬ್ ಆಕ್ಸಿಲರೇಟರ್’ ಎಂಬ ತಂತ್ರಾಂಶವನ್ನು ಹೊರತಂದಿತು. ನೀವು ಒಂದು ಪುಟ ಓದುತ್ತಿರುವಾಗಲೇ ಅದರಲ್ಲಿರುವ ಲಿಂಕ್‌ಗಳ ಪುಟಗಳನ್ನು ಮುಂದಾಗಿಯೇ ತಂದಿಟ್ಟು ಸಮಯ ಉಳಿಸುವುದು ಅದರ ಉಪಾಯ. ಆದರೆ ಕೆಲವು ವೆಬ್ ಅಪ್ಲಿಕೇಷನ್‌ಗಳಲ್ಲಿ ‘ಅಳಿಸು’ ಎಂಬುದನ್ನೂ ಲಿಂಕ್ ಆಗಿಯೇ ಇಟ್ಟಿದ್ದರು! ಪಾಪ, ಯಂತ್ರಕ್ಕೆ ಪದದ ಅರ್ಥ ತಿಳಿಯದು. ಕೈಮರ ಕಂಡಲ್ಲೆಲ್ಲ ಹೋಗಿಬಂತು. ಯಾರೂ ಏನೂ ಒತ್ತದೆಯೇ ಜನರ ಕಡತಗಳು ಅಳಿದುಹೋದವು.

ಕಣ್ಣು ಕಾಣದವರ ವಿಷಯವನ್ನೂ ಯೋಚಿಸಿ. ಪರದೆಯನ್ನು ಓದಿ ಹೇಳುವ ತಂತ್ರಾಂಶ ಅವರಿಗೆ ‘ಇದು ಲಿಂಕ್’, ‘ಇದು ಬಟನ್’ ಎಂದು ಹೇಳುತ್ತದೆ. ಬಟನ್‌ನಂತೆ ಕಾಣುವ ಬಣ್ಣ ಬಳಿದು ಒಳಗೆ ಲಿಂಕ್ ಇಟ್ಟರೆ ಅವರಿಗೆ ಸುಳ್ಳು ಹೇಳಿದಂತೆ. ಕೀಲಿಮಣೆಯಲ್ಲಿ ನೀವೇ ಪರೀಕ್ಷಿಸಬಹುದು. ಟ್ಯಾಬ್ ಕೀ ಒತ್ತುತ್ತ ಒಂದೊಂದರ ಬಳಿಗೂ ಹೋಗಿ. ನಿಜವಾದ ಬಟನ್ ಎಂಟರ್‌ಗೂ ಸ್ಪೇಸ್‌ಗೂ ಓಗೊಡುತ್ತದೆ. ಲಿಂಕ್ ಎಂಟರ್‌ಗೆ ಮಾತ್ರ.

ಈಗ ಶಾಲೆಯಲ್ಲೇ ವೆಬ್ ಪುಟ ರಚಿಸುವ ವಿದ್ಯಾರ್ಥಿಗಳಿದ್ದಾರೆ. ಅವರಿಗೆ ಮೂರು ಮಾತು. ಒಂದು, ಬಟನ್ ಮೇಲೆ ಕೆಲಸದ ಹೆಸರನ್ನೇ ಬರೆಯಿರಿ. ‘ಅರ್ಜಿ ರದ್ದು ಮಾಡಬೇಕೇ?’ ಎಂದು ಕೇಳಿ, ಕೆಳಗೆ ‘ಓಕೆ’, ‘ಕ್ಯಾನ್ಸಲ್’ ಎಂದಿಟ್ಟರೆ ಕ್ಯಾನ್ಸಲ್ ಆಗುವುದು ಅರ್ಜಿಯೋ, ಪ್ರಶ್ನೆಯೋ? ‘ರದ್ದು ಮಾಡು’, ‘ಅರ್ಜಿ ಇರಲಿ’ ಎಂದರೆ ಗೊಂದಲವಿಲ್ಲ. ಎರಡು, ಅಳಿಸುವ ಬಟನ್ನನ್ನು ದೂರವಿಡಿ, ಬೇರೆಯಾಗಿ ಕಾಣಿಸಿ. ಸಾಧ್ಯವಾದರೆ ಅಳಿಸಿದ್ದನ್ನು ಮರಳಿ ಪಡೆಯುವ ದಾರಿ ಕೊಡಿ. ಮೂರು, ‘ರೀಸೆಟ್’ ಬೇಕೇ ಎಂದು ಕೇಳಿಕೊಳ್ಳಿ. ಇಡೀ ಅರ್ಜಿಯನ್ನು ಒಮ್ಮೆಲೇ ಅಳಿಸಬೇಕೆನ್ನುವವರು ಬಲು ವಿರಳ.

ಇನ್ನು ತಂದೆತಾಯಂದಿರಿಗೆ ಒಂದು ಮಾತು. ಒತ್ತುವ ಮೊದಲು ಓದುವ ಅಭ್ಯಾಸವನ್ನು ಮಕ್ಕಳಿಗೆ ಖಂಡಿತ ಕಲಿಸಿ. ಆದರೆ ಬಾವಿಗೆ ಕಟ್ಟೆ ಕಟ್ಟದೆ ಬಿದ್ದವರನ್ನು ಬೈಯುವುದು ನ್ಯಾಯವಲ್ಲ. ಆ ದಿನ ಹುಡುಗಿಯ ತಂದೆಗೂ ಇದನ್ನೇ ಹೇಳಿದೆ. ಅವರು ಮೊಬೈಲನ್ನು ಕೈಗೆತ್ತಿಕೊಂಡು ಎರಡೂ ಬಟನ್ ನೋಡಿ, “ನಾನಾದರೂ ಅದನ್ನೇ ಒತ್ತುತ್ತಿದ್ದೆ” ಎಂದು ಮಗಳ ಕಡೆ ತಿರುಗಿದರು.