ಜೋಳದ ನಾಡಿನಲ್ಲಿ ಬಿಳಿ ಅನ್ನ

ಅಮೆರಿಕದವರ ಆಹಾರದ ಮಾತು ಬಂದೊಡನೆ ನಮ್ಮ ಭಕ್ತರಲ್ಲಿ ಅನೇಕರು, "ಅವರು ಬರ್ಗರ್ ತಿಂದು ಕೆಟ್ಟರು, ನಮ್ಮದು ಸಾತ್ವಿಕ ಸಸ್ಯಾಹಾರ, ನಮಗೇಕೆ ಆ ಚಿಂತೆ?" ಎನ್ನುವುದುಂಟು. ಈ ಮಾತನ್ನು ನಾನು ಒಪ್ಪಲಾರೆ. ಅಲ್ಲಿನ ಹತ್ತು ವಯಸ್ಕರಲ್ಲಿ ಸುಮಾರು ನಾಲ್ವರು ಸ್ಥೂಲಕಾಯರೆಂಬುದು ನಿಜ. ಆದರೆ ಅದಕ್ಕೆ ಜಿಹ್ವಾಚಾಪಲ್ಯವೊಂದೇ ಕಾರಣವೆಂದು ತಿಳಿಯಬಾರದು. 1948ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಕ್‌ಡೊನಾಲ್ಡ್ ಸಹೋದರರು ತಮ್ಮ ಉಪಾಹಾರ ಗೃಹದ ಅಡುಗೆಯನ್ನು ಕಾರ್ಖಾನೆಯ ಮಾದರಿಗೆ ತಿರುಗಿಸಿದರು. 1956ರ ಕಾಯಿದೆಯಿಂದ ಆ ದೇಶದುದ್ದಕ್ಕೂ ಹೆದ್ದಾರಿಗಳು ಹರಡಿದವು. ಮನೆ ಊರ ಹೊರಗೆ, ಕೆಲಸ ಇನ್ನೆಲ್ಲಿಯೋ, ನಡುವೆ ಕಾರು. ಸರಕಾರದ ನೆರವಿನಿಂದ ಹೇರಳವಾಗಿ ಬೆಳೆದ ಮೆಕ್ಕೆಜೋಳದಿಂದ ಅಗ್ಗದ ಸಿಹಿಪಾಕ ತಯಾರಾಗಿ, 1970ರ ದಶಕದಿಂದೀಚೆಗೆ ತಂಪು ಪಾನೀಯಗಳನ್ನು ಸೇರಿತು. ಸಮಾಜವು ತನ್ನ ದಾರಿ, ದುಡಿಮೆ, ಬೆಲೆಗಳನ್ನು ಹೇಗೆ ಏರ್ಪಡಿಸಿಕೊಳ್ಳುತ್ತದೆಯೋ ಅದರ ತಟ್ಟೆಯೂ ಹಾಗೆಯೇ ತುಂಬುತ್ತದೆ. ನಮ್ಮ ಹೊಸಪೇಟೆ, ಕಂಪ್ಲಿ, ಸಂಡೂರುಗಳಲ್ಲಿ ಇದೇ ಸಂಗತಿ ಬರ್ಗರಿನ ಹಂಗಿಲ್ಲದೆಯೇ ನಡೆದುಹೋಗಿದೆ.

ನಮ್ಮದು ಮೂಲತಃ ಜೋಳ, ನವಣೆ, ಸಜ್ಜೆಗಳ ನಾಡು. ತುರ್ತು ಕಾಲುವೆ, ಬಸವಣ್ಣ ಕಾಲುವೆಗಳಂತಹ ವಿಜಯನಗರ ಕಾಲದ ಕಾಲುವೆಗಳ ಕೆಳಗೆ ಭತ್ತ, ಕಬ್ಬು, ಬಾಳೆ ಹಿಂದಿನಿಂದಲೂ ಇದ್ದವು. ಆದರೆ ಮಳೆಯನ್ನೇ ನಂಬಿದ ಎರೆಭೂಮಿಯ ಒಕ್ಕಲು ಮನೆಗಳಲ್ಲಿ ಅನ್ನವೆಂದರೆ ಹಬ್ಬದ ಮಾತಾಗಿತ್ತು. 1953ರಲ್ಲಿ ತುಂಗಭದ್ರೆಯ ನೀರು ಹೊಸ ಕಾಲುವೆಗಳಿಗೆ ಹರಿಯಿತು. ಒಂದು ಅಂಶವನ್ನು ಇಂದಿನವರು ಮರೆತೇಬಿಟ್ಟಿದ್ದಾರೆ: ಆ ಯೋಜನೆಯಲ್ಲಿ ಅಚ್ಚುಕಟ್ಟಿನ ಬಹುಭಾಗವನ್ನು ಜೋಳ, ಶೇಂಗಾ, ಹತ್ತಿಯಂತಹ ಅಲ್ಪನೀರಿನ ಬೆಳೆಗಳಿಗೆಂದೇ ಗೊತ್ತುಪಡಿಸಲಾಗಿತ್ತು. ಬರದ ಸೀಮೆಗೆ ಹಂಚಿ ಕುಡಿಸಬೇಕಾದ ನೀರು ಅದು. ಭತ್ತಕ್ಕೆ ಬೆಲೆಯಿತ್ತು, ಅದನ್ನು ಬೆಳೆಯಬಲ್ಲ ರೈತರು ಆಂಧ್ರದ ಕಡೆಯಿಂದಲೂ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು, ಅಕ್ಕಿಯ ಗಿರಣಿಗಳು ಎದ್ದವು. ಕಂಪ್ಲಿಯ ಸುತ್ತ ಇಂದು ಕಣ್ಣು ಹಾಯುವವರೆಗೆ ಗದ್ದೆ. 2013ರಲ್ಲಿ ಅನ್ನಭಾಗ್ಯ ಬಂದು ಬಡವರ ಹಸಿವನ್ನು ಹಿಂಗಿಸಿತು. ಅದನ್ನು ಹಳಿಯುವವನು ನಾನಲ್ಲ. ಆದರೆ ಹೊಲವೂ ಪಡಿತರವೂ ಅಕ್ಕಿಯನ್ನೇ ಕೊಡುವಾಗ ತಟ್ಟೆ ಬೇರೆ ಏನನ್ನು ಹಿಡಿದೀತು?

ಇದರೊಡನೆ ಮರ್ಯಾದೆಯ ಪ್ರಶ್ನೆಯೂ ಸೇರಿಕೊಂಡಿತು. ಮಾದಾರ ಚೆನ್ನಯ್ಯನವರ ಅಂಬಲಿ ಚೋಳರಾಜನ ಮೃಷ್ಟಾನ್ನಕ್ಕಿಂತ ಶಿವನಿಗೆ ಹೆಚ್ಚು ರುಚಿಸಿತೆಂದು ಪ್ರವಚನದಲ್ಲಿ ಕೇಳಿ ತಲೆದೂಗುತ್ತೇವೆ. ಮನೆಗೆ ಬಂದು ಅಂಬಲಿಯ ಗಡಿಗೆ ಬೀಗರ ಕಣ್ಣಿಗೆ ಬೀಳದಂತೆ ಸರಿಸಿಡುತ್ತೇವೆ. ರೊಟ್ಟಿ ಬಡವರದು, ಅನ್ನ ಉಳ್ಳವರದು ಎಂಬ ಎಣಿಕೆ ಎಂದೋ ಬೇರೂರಿದೆ. ಇನ್ನೊಂದನ್ನು ಗಂಡಸರು ಗಮನಿಸಬೇಕು. ರೊಟ್ಟಿ ಬಡಿಯುವುದು ಶ್ರಮದ ಕೆಲಸ. ಹಿಟ್ಟು ಹಳತಾದರೆ ಜಿಗಿ ಕಳೆದುಕೊಳ್ಳುವುದರಿಂದ ಗಿರಣಿಗೆ ಮತ್ತೆ ಮತ್ತೆ ಹೋಗಬೇಕು, ಒಲೆಯ ಮುಂದೆ ಗಂಟೆಗಟ್ಟಲೆ ಬೇಯಬೇಕು. ಕೂಲಿಗೋ ನೌಕರಿಗೋ ಹೋಗುವ ತಾಯಿ ಕುಕ್ಕರಿನಲ್ಲಿ ಅಕ್ಕಿ ಇಟ್ಟರೆ ಅದನ್ನು ಸೋಮಾರಿತನವೆನ್ನುವವರು ಒಂದು ವಾರ ತಾವೇ ರೊಟ್ಟಿ ಬಡಿದು ನೋಡಲಿ.

ಸಂಡೂರಿನ ಕತೆ ಬೇರೆ. ಗಣಿಯ ಲಾರಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಪಾಳಿ ಇವು ಊಟದ ವೇಳೆಯನ್ನೇ ಒಡೆದಿವೆ. ರಾತ್ರಿ ಪಾಳಿಯವನಿಗೆ ಸಕ್ಕರೆ ತುಂಬಿದ ಚಹಾ, ಗೂಡಂಗಡಿಯಲ್ಲಿ ಜೋತಾಡುವ ಪೊಟ್ಟಣದ ತಿಂಡಿ, ಮುಂಜಾನೆ ಮಂಡಕ್ಕಿ-ಮಿರ್ಚಿ. (ಹಂಪಿಯಲ್ಲಿ ನಮ್ಮ ಹುಡುಗರು ಪಿಜ್ಜಾ ಕೇಳುತ್ತಾರೆ, ವಿದೇಶೀಯರು ಜೋಳದ ರೊಟ್ಟಿ ಹುಡುಕುತ್ತಾರೆ. ನಗುವುದೋ ಅಳುವುದೋ ತಿಳಿಯದು.)

ಚರಕಾಚಾರ್ಯರು ಪ್ರಮೇಹದ ಕಾರಣಗಳಲ್ಲಿ ಕುಳಿತಲ್ಲೇ ಕುಳಿತಿರುವ ಸುಖ, ಅತಿನಿದ್ರೆ, ಮೊಸರು, ಹೊಸ ಧಾನ್ಯ, ಬೆಲ್ಲದ ಪದಾರ್ಥಗಳು ಎಂದು ಎಣಿಸುತ್ತಾರೆ. ಹೊಸ ಅಕ್ಕಿ ಮತ್ತು ಬೆಲ್ಲ! ಕಾಲುವೆ ಕೊಟ್ಟ ಭಾಗ್ಯಗಳೇ ಈ ಪಟ್ಟಿಯಲ್ಲಿವೆ. ಪ್ರಮೇಹಿಗೆ ಅವರು ವಿಧಿಸಿದ್ದು ಯವ ಮತ್ತು ತೃಣಧಾನ್ಯಗಳನ್ನು; ನಮ್ಮ ನವಣೆ ಈ ವರ್ಗದ್ದೇ. ಗಿರಣಿಯಲ್ಲಿ ಅಕ್ಕಿಯನ್ನು ಬೆಳ್ಳಗೆ ಪಾಲಿಶ್ ಮಾಡಿದಾಗ ತೌಡಿನೊಡನೆ ನಾರು, ಬಿ1 ಜೀವಸತ್ವಗಳು ಹೋಗಿ ಬಹುತೇಕ ಪಿಷ್ಟವೇ ಉಳಿಯುತ್ತದೆ. ಅದು ರಕ್ತದಲ್ಲಿ ಸಕ್ಕರೆಯನ್ನು ಬೇಗ ಏರಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಂತೆ ದೇಶದ ವಯಸ್ಕರಲ್ಲಿ ಶೇಕಡಾ 11.4 ಮಂದಿಗೆ ಮಧುಮೇಹವಿದೆ. ಇವರೆಲ್ಲ ಬರ್ಗರ್ ತಿಂದವರಲ್ಲ.

ಹಾಗೆಂದು ಜೋಳವನ್ನು ಅಮೃತವೆಂದು ಹೊಗಳುವ ಜಾಹೀರಾತುಗಳನ್ನೂ ನಂಬಬೇಡಿ. ಅದರಲ್ಲೂ ಪಿಷ್ಟವಿದೆ. ಹೊಲದಲ್ಲಿ ದುಡಿಯುತ್ತಿದ್ದ ಅಜ್ಜ ನಾಲ್ಕು ರೊಟ್ಟಿ ಜೀರ್ಣಿಸಿಕೊಂಡರು. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಮೊಮ್ಮಗನಿಗೆ ಎರಡು ಸಾಕು, ಜೊತೆಗೆ ಕಾಳಿನ ಪಲ್ಯ, ಹಸಿ ಸೊಪ್ಪು ಇರಲಿ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಆಹಾರ ಬದಲಿಸಿದೆವೆಂದು ವೈದ್ಯರನ್ನು ಕೇಳದೆ ಔಷಧ ನಿಲ್ಲಿಸಕೂಡದು.

ರೂಢಿಯನ್ನು ಸಮಾಜವೇ ತಂದಿದ್ದರೆ ಅದನ್ನು ತಿದ್ದುವ ಬಲವೂ ಸಮಾಜಕ್ಕೇ ಇದೆ, ಮಠಗಳಿಗಂತೂ ವಿಶೇಷವಾಗಿ ಇದೆ. ಆದುದರಿಂದ ಶ್ರೀಮಠದ ದಾಸೋಹದ ಬಗ್ಗೆ ಪೂಜ್ಯರ ಸನ್ನಿಧಿಯಲ್ಲಿ ನನ್ನದೊಂದು ವಿನಂತಿ. ಪ್ರಸಾದವಾಗಿ ಬಡಿಸಿದ ಪದಾರ್ಥಕ್ಕೆ ಮನೆಯಲ್ಲಿಯೂ ಗೌರವ ಬರುತ್ತದೆ. ವಾರಕ್ಕೊಂದು ದಿನ, ಸೋಮವಾರವಾದರೂ ಸರಿ, ಅನ್ನದ ಜಾಗದಲ್ಲಿ ಜೋಳದ ನುಚ್ಚು, ಮಜ್ಜಿಗೆ ಇರಲಿ. ನುಚ್ಚಿಗೆ ಅನ್ನ ಬೇಯಿಸುವ ಹಂಡೆಯೇ ಸಾಕು. ಸಾವಿರ ಜನಕ್ಕೆ ರೊಟ್ಟಿ ಯಾರು ಬಡಿದಾರು ಎಂಬ ಆಕ್ಷೇಪ ಬರಬಹುದು. ನದಿಯಾಚೆ ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳ ಭಕ್ತರು ಲಕ್ಷಗಟ್ಟಲೆ ಜೋಳದ ರೊಟ್ಟಿಗಳನ್ನು ಮನೆಯಲ್ಲೇ ಮಾಡಿ ಗಾಡಿಗಳಲ್ಲಿ ತಂದು ಒಪ್ಪಿಸುತ್ತಾರೆ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡದು. ನಮ್ಮ ಊರುಗಳ ಸ್ತ್ರೀಶಕ್ತಿ ಸಂಘಗಳಿಗೆ ತಕ್ಕ ಕೂಲಿ ಕೊಟ್ಟು ಮಾಡಿಸಿದರೆ ಶ್ರಮವೂ ಒಬ್ಬರ ತಲೆಗೆ ಬೀಳುವುದಿಲ್ಲ. ಮುಂಬರುವ ಶ್ರಾವಣದಲ್ಲಿ ಆರಂಭಿಸಬಹುದು.