ಮನೆಯ ಇಂಟರ್‌ನೆಟ್ಟಿಗೆ ಜರಡಿ: ಕಾವಲೋ, ಕದ್ದು ನೋಡೋದೋ?

ಕೆಳಗೆ ಅಂಗಡಿ, ಮೇಲೆ ಮನೆ. ಬಿಲ್ ಹಾಕುವ ಕಂಪ್ಯೂಟರಿಗೂ, ಮೇಲೆ ಓದುವ ಮಕ್ಕಳಿಗೂ ಒಂದೇ ಇಂಟರ್‌ನೆಟ್ ಲೈನು. ಪೇಟೆ ಬೀದಿಯಲ್ಲಿ ಇದೇನೂ ಹೊಸದಲ್ಲ. ರಾತ್ರಿ ಶಟರ್ ಎಳೆದು, ಬೀಗ ಜಡಿದು, ಎರಡು ಸಲ ಜಗ್ಗಿ ನೋಡಿ ಮೇಲೆ ಹತ್ತುವ ಯಜಮಾನರಿಗೆ ಆ ಲೈನಿನಲ್ಲಿ ಮನೆಯೊಳಕ್ಕೆ ಏನೇನು ಬರುತ್ತಿದೆ ಎಂಬುದು ಮಾತ್ರ ಗೊತ್ತಿರುವುದಿಲ್ಲ. ಕೊರೋನಾ ಬಂದ 2020ರಲ್ಲಿ ಶಾಲೆಯ ಪಾಠವೇ ಮೊಬೈಲಿಗೆ ಬಂತು. ಪಾಠ ಶಾಲೆಗೆ ವಾಪಸ್ಸಾದರೂ ಮೊಬೈಲು ಮಕ್ಕಳ ಕೈ ಬಿಡಲಿಲ್ಲ. ‘ಬೇಡದ್ದೆಲ್ಲ ಬರದ ಹಾಗೆ ಏನಾದರೂ ಮಾಡಿಕೊಡಿ’ ಅಂತ ಕಂಪ್ಯೂಟರ್ ರಿಪೇರಿಯವರನ್ನು ಕೇಳುವ ತಂದೆತಾಯಿಗಳು ಈಗ ಒಬ್ಬಿಬ್ಬರಲ್ಲ.

ಮಾಡಬಹುದು. ದೊಡ್ಡ ದುಡ್ಡೂ ಬೇಡ. ಮೂಲೆ ಸೇರಿದ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಅದರಲ್ಲಿ ಸ್ಕ್ವಿಡ್ ಎಂಬ ಸಾಫ್ಟ್‌ವೇರ್ ಕೂರಿಸಿದರೆ ಅದೇ ಪ್ರಾಕ್ಸಿ ಸರ್ವರ್. 1996ರಿಂದ ಇರುವ, ಪುಕ್ಕಟೆ ಸಿಗುವ ಮಾಲು ಇದು. ಪ್ರಾಕ್ಸಿ ಅಂದರೆ ಅಂಗಡಿ ಗುಮಾಸ್ತನಿದ್ದ ಹಾಗೆ. ಮನೆಯ ಕಂಪ್ಯೂಟರು, ಮೊಬೈಲುಗಳು ತಾವೇ ಸಂತೆಗೆ ಹೋಗುವುದಿಲ್ಲ. ಗುಮಾಸ್ತನ ಕೈಗೆ ಚೀಟಿ ಕೊಡುತ್ತವೆ, ಅವನು ತಂದು ಕೊಡುತ್ತಾನೆ. ಇಂಥಿಂಥ ಕಡೆ ಹೋಗಬೇಡ ಅಂತ ಪಟ್ಟಿ ಬರೆದುಕೊಟ್ಟರೆ ಹೋಗುವುದಿಲ್ಲ. ಓದುವ ಹೊತ್ತಿನಲ್ಲಿ ಆಟ ಬಂದ್, ಭಾನುವಾರ ಓಪನ್ ಅಂದರೂ ಕೇಳುತ್ತಾನೆ. ಆದರೆ ಪ್ರಾಕ್ಸಿ ಬಿಟ್ಟು ಬೇರೆ ಯಾವುದೂ ನೇರವಾಗಿ ಹೊರಗೆ ಹೋಗದಂತೆ ರೂಟರಿನಲ್ಲಿ ಕಟ್ಟು ಹಾಕಬೇಕು. ಅದನ್ನು ಮರೆತರೆ ಹುಡುಗರು ಸೆಟ್ಟಿಂಗ್ ತೆಗೆದು ಹಿತ್ತಿಲ ಬಾಗಿಲಿಂದ ಹೊರಟೇಬಿಡುತ್ತಾರೆ.

ಇಷ್ಟಾಯಿತು, ಇನ್ನು ನಿಶ್ಚಿಂತೆ ಅಂತ ಮಲಗಿದರೆ ಕೆಟ್ಟಿತು.

ಈಗಿನ ವೆಬ್‌ಸೈಟುಗಳು ಬಹುಪಾಲು ಎಚ್‌ಟಿಟಿಪಿಎಸ್. ಅಂದರೆ ಅಂಟಿಸಿದ ಲಕೋಟೆ. ಗುಮಾಸ್ತನಿಗೆ ವಿಳಾಸ ಕಾಣುತ್ತದೆ, ಒಳಗಿನ ಕಾಗದ ಕಾಣುವುದಿಲ್ಲ. ಯೂಟ್ಯೂಬನ್ನು ಪೂರ್ತಿ ಮುಚ್ಚಬಹುದು. ಲೆಕ್ಕದ ಪಾಠ ಬಿಟ್ಟು ಕೆಟ್ಟ ವಿಡಿಯೋ ಒಂದನ್ನೇ ತಡಿ ಅಂದರೆ ಅವನ ಕೈಲಾಗದು. ಲಕೋಟೆ ಒಡೆದು ನೋಡುವ ಉಪಾಯವೂ ಇದೆ. ಮನೆಯ ಪ್ರತಿ ಯಂತ್ರಕ್ಕೂ ಪ್ರಾಕ್ಸಿಯದೇ ಸರ್ಟಿಫಿಕೇಟು ಹಾಕಬೇಕು. ಆಗ ಬ್ಯಾಂಕಿನ ಪಾಸ್‌ವರ್ಡೂ ಆ ಹಳೇ ಡಬ್ಬದೊಳಗೆ ಬಿಚ್ಚಿಕೊಳ್ಳುತ್ತದೆ. ಎಷ್ಟೋ ಬ್ಯಾಂಕ್ ಆಪ್‌ಗಳು ಆ ಸರ್ಟಿಫಿಕೇಟು ಒಪ್ಪದೆ ಕೆಲಸವನ್ನೇ ನಿಲ್ಲಿಸುತ್ತವೆ. ಆ ಸಹವಾಸ ಬೇಡ.

ಕೆಟ್ಟ ಪದ ಕಂಡ ಕಡೆಯೆಲ್ಲ ಬಾಗಿಲು ಹಾಕು ಅನ್ನುವುದೂ ಅಷ್ಟೇ. ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರಿಗೆ 1996ರಲ್ಲಿ ಎ.ಒ.ಎಲ್. ಕಂಪನಿಯ ಖಾತೆಯೇ ತೆರೆಯಲಾಗಲಿಲ್ಲ. ಊರಿನ ಹೆಸರಿನ ಇಂಗ್ಲಿಷ್ ಅಕ್ಷರಗಳ ಮಧ್ಯೆ ಒಂದು ಹೊಲಸು ಮಾತು ಅಡಗಿದೆ ಅಂತ ಯಂತ್ರದ ತಕರಾರು! ಯಂತ್ರಕ್ಕೆ ಬುದ್ಧಿ ಅಷ್ಟೇ. ಸ್ತನದ ಕ್ಯಾನ್ಸರ್ ಬಗ್ಗೆ ಓದಲು ಹೊರಟ ಅತ್ತೆಗೂ, ತನ್ನ ಮೈಯಲ್ಲಾಗುವ ಬದಲಾವಣೆ ತಿಳಿಯಹೊರಟ ಮಗಳಿಗೂ ಅದು ಅದೇ ಬಾಗಿಲು ಹಾಕುತ್ತದೆ. ಅವರು ಯಾರನ್ನು ಕೇಳಬೇಕು?

ಇನ್ನು ಮನೆಯ ಗೋಡೆ ಎಷ್ಟೇ ಎತ್ತರ ಕಟ್ಟಿದರೂ ಕಿಸೆಯಲ್ಲಿ ಸಿಮ್ ಇದೆ. ವೈಫೈ ಆಫ್ ಮಾಡಿದರೆ ಮುಗೀತು. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ ಕಾಲೇಜು ಹುಡುಗನಿಗೆ ಮನೆಯ ಪ್ರಾಕ್ಸಿ ಲೆಕ್ಕಕ್ಕೇ ಇಲ್ಲ.

ಇವೆಲ್ಲಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಈ ಗುಮಾಸ್ತ ಕಿರ್ದಿ ಬರೆಯುತ್ತಾನೆ. ಯಾವ ಯಂತ್ರ, ಎಷ್ಟು ಹೊತ್ತಿಗೆ, ಯಾವ ವೆಬ್‌ಸೈಟು, ಎಲ್ಲವೂ ಅದರಲ್ಲಿ ದಾಖಲು. ಅಲ್ಲಿ ಮಗನ ಆಟವಷ್ಟೇ ಇರುವುದಿಲ್ಲ. ತಮ್ಮ ಯಾವ ಸಾಲದ ಕಂಪನಿಯ ಬಾಗಿಲು ತಟ್ಟಿದ, ಅವನ ಹೆಂಡತಿ ಯಾವ ಆಸ್ಪತ್ರೆ ಹುಡುಕಿದಳು, ಮಗಳು ಯಾವ ಊರಿನ ಕೆಲಸ ನೋಡಿದಳು ಎಂಬುದೂ ಇರುತ್ತದೆ. ಇದನ್ನು ಓದುವ ಅಧಿಕಾರವನ್ನು ಯಜಮಾನರಿಗೆ ಕೊಟ್ಟವರಾರು? ಅವರಿಗಿರಲಿ, ಸೆಟ್ ಮಾಡಿಕೊಟ್ಟ ರಿಪೇರಿಯವನ ಕೈಯಲ್ಲೇ ಪಾಸ್‌ವರ್ಡ್ ಉಳಿದರೆ ಮನೆಯ ಬೀಗದಕೈ ಬೀದಿಗೆ ಕೊಟ್ಟಂತೆ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದು ಸರ್ಕಾರದ ಎದುರು ಹೂಡಿದ ದಾವೆ, ನಿಜ. ಆದರೆ ಸರ್ಕಾರ ಇಣುಕಿದರೆ ತಪ್ಪು, ದೊಡ್ಡಣ್ಣ ಇಣುಕಿದರೆ ಸರಿ ಅನ್ನುವುದು ಯಾವ ನ್ಯಾಯ?

ಜರಡಿ ಬೇಡವೆಂದಲ್ಲ. ಸಣ್ಣ ಮಕ್ಕಳಿರುವ ಮನೆಗೆ ಬೇಕು. ಹಾಕುವ ಮುಂಚೆ ಮನೆಮಂದಿಯನ್ನೆಲ್ಲ ಊಟಕ್ಕೆ ಕೂತಾಗ ಕರೆದು ಹೇಳಲಿ: ಇದನ್ನು ಹಾಕುತ್ತಿದ್ದೇವೆ, ಇಂಥದ್ದು ಬಂದ್, ತಪ್ಪಾಗಿ ಬಂದ್ ಆಗಿದ್ದರೆ ಹೇಳಿ, ತೆಗೆಯುತ್ತೇವೆ. ದೊಡ್ಡವರ ಮೊಬೈಲುಗಳನ್ನು ಹೊರಗಿಡಲಿ. ಕಿರ್ದಿ ಬರೆಯುವುದನ್ನು ನಿಲ್ಲಿಸಲು ಸ್ಕ್ವಿಡ್‌ನಲ್ಲೇ ದಾರಿಯಿದೆ, ನಿಲ್ಲಿಸಲಿ. ಪಾಸ್‌ವರ್ಡ್ ಬದಲಾಯಿಸಲಿ. ಮಕ್ಕಳು ಬೆಳೆದಂತೆ ಪಟ್ಟಿ ಸಣ್ಣದಾಗಲಿ.

ಶಟರಿಗೆ ಬೀಗ ಹಾಕೋದು ಕಳ್ಳರಿಗಾಗಿ, ಮನೆಯವರಿಗಾಗಿ ಅಲ್ಲ.